ಅಜ್ಜ ಬಳಸಿದ ಬಣ್ಣ ಯಾವುದು ಅಂತ ತಿಳಿಯುವುದು ಹೇಗೆ? (ಕಾರವಾರ, 1964ರ ಚಿತ್ರ)

ಕಾಳಿ ದಂಡೆ (ಕಾರವಾರ)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ಪೂರ್ತಿ ಓದಿ ಹೇಳಿ.

ನಮ್ಮ ಅಜ್ಜ, ಅಂದರೆ ಅಮ್ಮನ ಅಪ್ಪ, ಇಲ್ಲೇ ಡ್ರಾಯಿಂಗ್ ಮಾಸ್ತರರಾಗಿದ್ದರು. ಶಾಲೆ ಬಿಟ್ಟ ಮೇಲೆ ಜಗಲಿಯಲ್ಲಿ ಕೂತು ಚಿತ್ರ ಬರೆಯುತ್ತಿದ್ದರು. ಒಂದನ್ನೂ ಮಾರಲಿಲ್ಲ. ಈಗ ಮನೆಯಲ್ಲಿ ಉಳಿದಿರುವುದು ಒಂದು ದೊಡ್ಡ ಚಿತ್ರ, ಏಳು ಸಣ್ಣ ಇಂಕ್ ಚಿತ್ರ. ದೊಡ್ಡದು ಹಾರ್ಡ್‌ಬೋರ್ಡ್ ಮೇಲೆ ಬರೆದದ್ದು, ಎರಡೂವರೆ ಅಡಿ ಅಗಲ. ಕಾಳಿ ನದಿ ಸಮುದ್ರ ಸೇರುವ ಜಾಗ, ಆಚೆ ದಡದಲ್ಲಿ ಸದಾಶಿವಗಡದ ಗುಡ್ಡ, ನಡುವೆ ಜನ ತುಂಬಿದ ಒಂದು ದೋಣಿ. ಸೇತುವೆ ಇಲ್ಲ. 2024ರ ಆಗಸ್ಟ್‌ನಲ್ಲಿ ಕುಸಿದುಬಿತ್ತಲ್ಲ, ಆ ಹಳೇ ಸೇತುವೆಯನ್ನೂ ಆಗ ಕಟ್ಟಿರಲಿಲ್ಲ. ಮೂಲೆಯಲ್ಲಿ 1964 ಅಂತ ಬರೆದಿದ್ದಾರೆ.

ಈ ಚಿತ್ರ ಹಾಳಾಗುತ್ತಿದೆ. ಸಂಜೆ ಆಕಾಶದ ಹಳದಿ ಅಲ್ಲಲ್ಲಿ ಬೆಳ್ಳಗಾಗಿ ಪುಡಿ ಪುಡಿಯಾಗಿದೆ. ಬಿಳಿ ಮೋಡದಲ್ಲಿ ರವೆ ಕಾಳಿನಷ್ಟು ಸಣ್ಣ ಗುಳ್ಳೆಗಳು ಎದ್ದಿವೆ. ನೀರಿನ ನೀಲಿ ಮಾತ್ರ ಗಟ್ಟಿಯಾಗಿದೆ, ಆದರೆ ಸುಕ್ಕುಗಟ್ಟಿದೆ.

ಒರೆಸಿ, ವಾರ್ನಿಶ್ ಹೊಡೆಸಿ ಅಂತ ಎಲ್ಲರೂ ಹೇಳುತ್ತಾರೆ. ನನಗೆ ಧೈರ್ಯ ಇಲ್ಲ. ಯಾಕೆ ಅಂದರೆ, ಮೂರು ವರ್ಷದ ಹಿಂದೆ ಇಂಕ್ ಚಿತ್ರಗಳಿಗೆ ಬೂಸ್ಟು ಹಿಡಿದಿತ್ತು. ಫ್ರೇಮ್ ಹಾಕುವ ಒಂದು ಅಂಗಡಿಗೆ ಎರಡು ಚಿತ್ರ ಕೊಟ್ಟೆ. ಅವರು ಒದ್ದೆ ಬಟ್ಟೆಯಲ್ಲಿ ಒರೆಸಿಬಿಟ್ಟರು. ತೆಂಗಿನ ಗರಿಗಳ ಹಸಿರೆಲ್ಲ ಬಟ್ಟೆಗೆ ಬಂತು. ಕಾಗದದ ಮೇಲೆ ಗೆರೆ ಮಾತ್ರ ಉಳಿಯಿತು. ಅಮ್ಮ ಎರಡು ದಿನ ನನ್ನ ಹತ್ತಿರ ಮಾತಾಡಲಿಲ್ಲ. ಅದು ಎಂಥ ಇಂಕು ಅಂತ ನನಗೂ ಗೊತ್ತಿರಲಿಲ್ಲ, ಅವರಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲದೆ ಕೈ ಹಾಕಿದ್ದೇ ತಪ್ಪು.

ಹಾಗಾಗಿ ಈ ಸಲ ಮೊದಲು ತಿಳಿದುಕೊಳ್ಳಬೇಕು ಅಂತಿದ್ದೇನೆ. ಅಜ್ಜ ಯಾವ ಬಣ್ಣ ಬಳಸಿದ್ದರು, ಹೇಗೆ ಬಳಿದಿದ್ದರು ಅಂತ ಕಂಡುಹಿಡಿಯಲು ದಾರಿ ಇದೆಯಾ?

—

ಬೈತಖೋಲ ಬೋಟು (ಕಾರವಾರ)

ನೀಲಿ ಭಾಗದ ಫೋಟೊ ಹತ್ತಿರದಿಂದ ತೆಗೆದು ಹಾಕಿ. ಸುಕ್ಕು ಹೇಗಿದೆ ನೋಡಬೇಕು.

—

ಬಣ್ಣದ ಪೆಟ್ಟಿಗೆ (ಕುಮಟಾ, ಈಗ ಮುಂಬೈ)

ತಂಗಿ, ನೀವು ಕೈ ಹಾಕದೆ ಮೊದಲು ಕೇಳಿದಿರಲ್ಲ, ತುಂಬಾ ಸಂತೋಷ ಆಯಿತು. ನಾನು ಹಳೇ ಚಿತ್ರಗಳ ಸಂರಕ್ಷಣೆಯ ಕೆಲಸ ಮಾಡುತ್ತೇನೆ. ನಮ್ಮ ಹತ್ತಿರ ಬರುವ ಚಿತ್ರಗಳಲ್ಲಿ ಕಾಲ ಹಾಳು ಮಾಡಿದ್ದಕ್ಕಿಂತ ಒರೆಸಿ ಹಾಳು ಮಾಡಿದ್ದೇ ಜಾಸ್ತಿ ಅನ್ನಿಸುತ್ತದೆ. ಬಟಾಟೆ ಹೋಳಿನಿಂದ ತಿಕ್ಕುವುದು, ತೆಂಗಿನೆಣ್ಣೆ ಸವರುವುದು, ಬ್ರೆಡ್ಡಿನಿಂದ ಒತ್ತುವುದು, ಯಾವುದೂ ಬೇಡ.

ಒಂದು ಚಿತ್ರ ಅಂದರೆ ಒಂದೇ ಪದರ ಅಲ್ಲ. ಅಡಿಯಲ್ಲಿ ಹಲಗೆಯೋ ಬಟ್ಟೆಯೋ ಇರುತ್ತದೆ. ಅದರ ಮೇಲೆ ಅಸ್ತರು, ಆಮೇಲೆ ಪೆನ್ಸಿಲಿನ ಗೆರೆ, ಆಮೇಲೆ ಬಣ್ಣ, ಕೆಲವು ಸಲ ಬಣ್ಣದ ಮೇಲೆ ಬಣ್ಣ, ಕೊನೆಗೆ ವಾರ್ನಿಶ್. ಪ್ರತಿ ಪದರವೂ ತೇವಕ್ಕೆ ಬೇರೆ ಬೇರೆ ಥರ ಹಿಗ್ಗುತ್ತದೆ, ಕುಗ್ಗುತ್ತದೆ. ಹಾರ್ಡ್‌ಬೋರ್ಡ್ ಅಂತೂ ಮರದ ನಾರನ್ನೇ ಒತ್ತಿ ಮಾಡಿದ್ದು. ನಮ್ಮ ಮಳೆಗಾಲದಲ್ಲಿ ಅದು ನೀರು ಕುಡಿದು ಉಬ್ಬುತ್ತದೆ. ಮೇಲಿನ ಬಣ್ಣ ಅಷ್ಟು ಉಬ್ಬುವುದಿಲ್ಲ. ಬಿರುಕು ಶುರುವಾಗುವುದು ಅಲ್ಲೇ.

ನಿಮ್ಮ ಹಳದಿಯ ವಿಷಯ ಓದಿದಾಗ ನನಗೆ ತಕ್ಷಣ ನೆನಪಾದದ್ದು ನಾರ್ವೆಯ ಎಡ್ವರ್ಡ್ ಮುಂಕ್ ಬರೆದ ಚೀತ್ಕಾರದ ಚಿತ್ರ. ಕೆನ್ನೆಗೆ ಕೈಯಿಟ್ಟು ಬಾಯಿ ತೆರೆದ ಆ ಮುಖವನ್ನು ನೀವೆಲ್ಲ ನೋಡಿರುತ್ತೀರಿ. ಮುಂಕ್ ಅದನ್ನು ಒಂದಕ್ಕಿಂತ ಹೆಚ್ಚು ಸಲ ಬರೆದಿದ್ದಾನೆ. ಓಸ್ಲೋದ ಮುಂಕ್ ಮ್ಯೂಸಿಯಮ್ಮಿನಲ್ಲಿ ಇರುವುದು 1910ರ ಸುಮಾರಿನದು. ಅದರಲ್ಲಿ ಆಕಾಶದ ಹಳದಿ, ಆ ಆಕೃತಿಯ ಕುತ್ತಿಗೆಯ ಹಳದಿ ಬೆಳ್ಳಗಾಗಿತ್ತು. ಕೊಳದ ದಪ್ಪ ಹಳದಿ ಉದುರುತ್ತಿತ್ತು. ಬೆಳಕೇ ಕಾರಣ ಇರಬಹುದು ಅಂತ ಯಾರಿಗಾದರೂ ಅನ್ನಿಸುತ್ತದೆ ಅಲ್ವಾ? ವಿಜ್ಞಾನಿಗಳ ಒಂದು ತಂಡ ಬಣ್ಣದ ಸಣ್ಣ ಚೂರುಗಳನ್ನು ತೀಕ್ಷ್ಣ ಎಕ್ಸ್ ಕಿರಣಗಳಲ್ಲಿ ನೋಡಿತು. ಅದೇ ಥರದ ಬಣ್ಣ ತಯಾರಿಸಿ ಒಂದನ್ನು ಬೆಳಕಿನಲ್ಲಿ, ಇನ್ನೊಂದನ್ನು ತೇವದಲ್ಲಿ ಇಟ್ಟು ಹೋಲಿಸಿತು. 2020ರಲ್ಲಿ ಫಲಿತಾಂಶ ಬಂತು. ಹಾಳು ಮಾಡಿದ್ದು ಮುಖ್ಯವಾಗಿ ತೇವ, ಬೆಳಕಿನ ಪಾಲು ತುಂಬಾ ಕಡಿಮೆ. ತೇವಾಂಶ ಶೇ 45ರ ಆಸುಪಾಸು ಇರಲಿ, ಅದಕ್ಕಿಂತ ಮೇಲೆ ಹೋಗುವುದು ಬೇಡ ಅಂತ ಅವರ ಸಲಹೆ. ನೋಡಲು ಬಂದವರ ಉಸಿರಿನ ತೇವ ಕೂಡ ಲೆಕ್ಕಕ್ಕೆ ಬರುತ್ತದೆ.

ಜುಲೈ ತಿಂಗಳಲ್ಲಿ ಕಾರವಾರದ ತೇವಾಂಶ ಎಷ್ಟಿರುತ್ತದೆ ನೋಡಿ. ಶೇ 85 ದಾಟುವುದು ದಿನದ ಮಾತು.

—

ಹೊನ್ನಾವರದ ಹೊಳೆ

ಅಕ್ಕಾ, ಹಾಗಾದರೆ ನಮ್ಮ ಕರಾವಳಿಯ ಉಪ್ಪು ಗಾಳಿಯೂ ಕಾರಣ ಇರಬೇಕಲ್ವಾ? ಮನೆ ಕಿಟಕಿಯ ಸರಳು ಎರಡೇ ವರ್ಷದಲ್ಲಿ ತುಕ್ಕು ಹಿಡಿಯುತ್ತದೆ. ಚಿತ್ರ ಯಾವ ಲೆಕ್ಕ?

—

ಬಣ್ಣದ ಪೆಟ್ಟಿಗೆ

ಪ್ರಶ್ನೆ ಚೆನ್ನಾಗಿದೆ, ಆದರೆ ಇಲ್ಲಿ ಜಾಗ್ರತೆ ಬೇಕು. ಮುಂಕ್ ಚಿತ್ರದಲ್ಲಿ ಕ್ಲೋರೈಡ್, ಅಂದರೆ ಉಪ್ಪಿನಲ್ಲೂ ಇರುವ ಅಂಶ, ಅದರ ಪಾತ್ರ ಇತ್ತು, ನಿಜ. ಆದರೆ ಅದು ಸಮುದ್ರದಿಂದ ಬಂದದ್ದಲ್ಲ. ಮುಂಕ್ ಬಳಸಿದ್ದು ಕ್ಯಾಡ್ಮಿಯಮ್ ಹಳದಿ, ಅಂದರೆ ಕ್ಯಾಡ್ಮಿಯಮ್ ಲೋಹದಿಂದ ಮಾಡುವ ಹಳದಿ. ಅದನ್ನು ತಯಾರಿಸುವಾಗ ಬಣ್ಣದೊಳಗೇ ಉಳಿದುಹೋದದ್ದು. ಸರಿಯಾಗಿ ತೊಳೆದು ಶುದ್ಧ ಮಾಡದ ಬಣ್ಣ ಅದು. ತೇವ ಸಿಕ್ಕಾಗ ಆ ಕಶ್ಮಲವೇ ಬಣ್ಣವನ್ನು ಒಡೆಯಲು ಸಹಾಯ ಮಾಡಿತು. ಅಂದರೆ ಒಂದೇ ಹೆಸರಿನ ಟ್ಯೂಬು ಎರಡು ಕಾರ್ಖಾನೆಯದ್ದಾದರೆ ಎರಡು ಥರ ಬಾಳುತ್ತದೆ. ಅದಕ್ಕೇ ಹೆಸರು ಗೊತ್ತಾದರೆ ಸಾಲದು, ಪರೀಕ್ಷೆ ಬೇಕು ಅನ್ನುವುದು.

ಇನ್ನೊಂದು ವಿಷಯ. ಹಳದಿ ಕೆಡುವುದರಲ್ಲೂ ಎರಡು ರೀತಿ ಇದೆ. ಡಚ್ ಚಿತ್ರಕಾರ ವ್ಯಾನ್ ಗೋ ಬಳಸಿದ ಕ್ರೋಮ್ ಹಳದಿ ಕಂದು ತಿರುಗುತ್ತದೆ. ಬೆಳಕು ಬಿದ್ದು ಅದರಲ್ಲಿರುವ ಕ್ರೋಮಿಯಮ್ ಬೇರೆ ರೂಪಕ್ಕೆ ಬದಲಾಗುತ್ತದೆ ಅಂತ 2011ರಲ್ಲಿ ತೋರಿಸಿದರು. ಕ್ಯಾಡ್ಮಿಯಮ್ ಹಳದಿ ಹಾಗಲ್ಲ, ಪೇಲವವಾಗಿ ಬೆಳ್ಳಗಾಗುತ್ತದೆ. ನಿಮ್ಮದು ಬೆಳ್ಳಗಾಗಿದೆ ಅಂದಿರಿ. ಹಾಗಾಗಿ ನನ್ನ ಅನುಮಾನ ಕ್ಯಾಡ್ಮಿಯಮ್ ಕಡೆಗೆ. ಆದರೆ ಅನುಮಾನ ಮಾತ್ರ.

—

ಶಿರಸಿ ಮೇಷ್ಟ್ರು

ನಾನು ಕೆಮಿಸ್ಟ್ರಿ ಪಾಠ ಮಾಡುವವನು. ಇಂಕ್ ಯಾಕೆ ಹೋಯಿತು, ಎಣ್ಣೆ ಬಣ್ಣ ಯಾಕೆ ಹೋಗುವುದಿಲ್ಲ ಅನ್ನುವುದನ್ನು ಹೇಳುತ್ತೇನೆ.

ಒಂದು ಲೋಟ ನೀರಿಗೆ ಸಕ್ಕರೆ ಹಾಕಿ, ಕರಗಿ ಮಾಯವಾಗುತ್ತದೆ. ಇನ್ನೊಂದು ಲೋಟಕ್ಕೆ ಸುಣ್ಣ ಹಾಕಿ, ಸ್ವಲ್ಪ ಹೊತ್ತಿಗೆ ತಳ ಹಿಡಿಯುತ್ತದೆ. ಬಣ್ಣದ ಇಂಕಿನಲ್ಲಿ ಇರುವುದು ಸಕ್ಕರೆಯ ಹಾಗೆ ಕರಗಿದ ಡೈ. ಟ್ಯೂಬ್ ಬಣ್ಣದಲ್ಲಿ ಇರುವುದು ಸುಣ್ಣದ ಹಾಗೆ ಕರಗದ ಪುಡಿ, ಅದನ್ನು ಅಗಸೆ ಎಣ್ಣೆಯಲ್ಲಿ ಅರೆದಿರುತ್ತಾರೆ. ಎಣ್ಣೆ ಒಣಗುವುದು ಅಂದರೆ ನೀರು ಆರಿದ ಹಾಗಲ್ಲ. ಅದು ಗಾಳಿಯ ಆಮ್ಲಜನಕ ಹೀರಿ ಗಟ್ಟಿಯಾಗುತ್ತದೆ, ಆಮೇಲೆ ಮತ್ತೆ ನೀರಿಗೆ ಕರಗುವುದಿಲ್ಲ. ಇಂಕು ಹಾಗಲ್ಲ. ಅರವತ್ತು ವರ್ಷ ಕಳೆದರೂ ಒದ್ದೆ ಬಟ್ಟೆ ತಾಗಿದರೆ ಸಾಕು, ಎದ್ದು ಬರುತ್ತದೆ. ಬೆಳಕಿಗೂ ಡೈ ಬೇಗ ಮಾಸುತ್ತದೆ. ಉಳಿದ ಐದು ಚಿತ್ರಗಳನ್ನು ಟ್ಯೂಬ್‌ಲೈಟ್ ಎದುರು ಕೂಡ ತೂಗುಹಾಕಬೇಡಿ.

ಇನ್ನು ಪರೀಕ್ಷೆಯ ಮಾತು. ಬಂಗಾರದ ಅಂಗಡಿಯಲ್ಲಿ ಬಳೆಯನ್ನು ಒಂದು ಪೆಟ್ಟಿಗೆಯಲ್ಲಿಟ್ಟು ಕ್ಯಾರೆಟ್ ನೋಡುತ್ತಾರಲ್ಲ, ಆ ಯಂತ್ರದ ಹೆಸರು ಎಕ್ಸ್‌ಆರ್‌ಎಫ್. ಎಕ್ಸ್ ಕಿರಣ ಬಿಟ್ಟರೆ ಪ್ರತಿ ಧಾತುವೂ ತನ್ನದೇ ಗುರುತಿನ ಕಿರಣ ವಾಪಸ್ ಕೊಡುತ್ತದೆ. ಚಿತ್ರ ಪರೀಕ್ಷೆಗೆ ಕೈಯಲ್ಲಿ ಹಿಡಿಯುವಂಥದ್ದು ಇರುತ್ತದೆ. ಸತು, ಸೀಸ, ಟೈಟೇನಿಯಮ್, ಕ್ಯಾಡ್ಮಿಯಮ್, ಕ್ರೋಮಿಯಮ್ ಎಲ್ಲ ತಿಳಿಯುತ್ತದೆ. ಚಿತ್ರವನ್ನು ಮುಟ್ಟುವುದೂ ಬೇಡ. ಆದರೆ ಅದಕ್ಕೆ ಡೈ ಕಾಣುವುದಿಲ್ಲ, ಎಣ್ಣೆ ಕಾಣುವುದಿಲ್ಲ. ಅವೆಲ್ಲ ಇಂಗಾಲದ ಸಂಯುಕ್ತಗಳು.

ಅಲ್ಲಿ ನಮ್ಮ ರಾಮನ್ ಬೇಕಾಗುತ್ತಾರೆ! 1928ರ ಫೆಬ್ರುವರಿ 28ರಂದು ಸಿ. ವಿ. ರಾಮನ್ ಕಂಡದ್ದು ಇದನ್ನೇ: ಬೆಳಕು ಅಣುಗಳಿಗೆ ತಾಗಿ ಚದುರುವಾಗ ಅದರಲ್ಲಿ ಸ್ವಲ್ಪ ಭಾಗ ಬಣ್ಣ ಬದಲಿಸಿಕೊಂಡು ಬರುತ್ತದೆ, ಆ ಬದಲಾವಣೆ ಒಂದೊಂದು ವಸ್ತುವಿಗೆ ಒಂದೊಂದು ಥರ. ಈಗ ಜಗತ್ತಿನ ದೊಡ್ಡ ದೊಡ್ಡ ಮ್ಯೂಸಿಯಮ್ಮುಗಳಲ್ಲಿ ಬಣ್ಣ ಗುರುತಿಸಲು ರಾಮನ್ ಉಪಕರಣ ಇದೆ. ಈ ವಿಷಯ ಮಕ್ಕಳಿಗೆ ಹೇಳುವಾಗ ನನಗೆ ಪ್ರತಿ ಸಲ ಮೈ ಜುಂ ಅನ್ನುತ್ತದೆ.

—

ಸಿದ್ದಾಪುರದ ಭಾವ

ನಾನೂ ಚಿತ್ರ ಬರೆಯುವವನೇ. ಒಂದು ಮಾತು ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಚಿತ್ರವನ್ನು ಕಣ್ಣಿನಿಂದ ನೋಡಬೇಕು. ಚೂರು ಕಿತ್ತು, ಕಿರಣ ಬಿಟ್ಟು, ಸತು ಇದೆ ಸೀಸ ಇದೆ ಅಂತ ಪಟ್ಟಿ ಮಾಡಿದರೆ ಅಜ್ಜನ ಸಂಜೆ ಅದರಲ್ಲಿ ಸಿಗುತ್ತದಾ? ಹಳೇದಾಗುವುದು ಚಿತ್ರದ ಸ್ವಭಾವ. ಹಾಗೇ ಬಿಟ್ಟರೆ ಏನಾಗುತ್ತದೆ?

—

ಬಣ್ಣದ ಪೆಟ್ಟಿಗೆ

ಭಾವ, ನಿಮ್ಮ ಮಾತಿಗೆ ನನಗೆ ಬೇಸರ ಇಲ್ಲ. ಈ ಕೆಲಸಕ್ಕೆ ಬಂದ ಹೊಸದರಲ್ಲಿ ನನಗೂ ಹಾಗೇ ಅನ್ನಿಸಿತ್ತು.

ಆದರೆ ವ್ಯಾನ್ ಗೋ 1888ರಲ್ಲಿ ಬರೆದ ತನ್ನ ಮಲಗುವ ಕೋಣೆಯ ಚಿತ್ರ ನೋಡಿ. ಗೋಡೆ ನೀಲಿ ಕಾಣುತ್ತದೆ. ಅವನೇ ಕಾಗದದಲ್ಲಿ ಗೋಡೆ ನೇರಳೆ ಅಂತ ಬರೆದಿದ್ದ. ನೀಲಿಗೆ ಸೇರಿಸಿದ್ದ ಕೆಂಪು ಬಣ್ಣ ಬೆಳಕಿಗೆ ಮಾಸಿಹೋಗಿ ನೀಲಿ ಮಾತ್ರ ಉಳಿಯಿತು. ನಾವು ಕಣ್ಣಿನಿಂದ ನೋಡಿ ಎಷ್ಟು ತಣ್ಣಗಿನ ಕೋಣೆ ಅನ್ನುತ್ತೇವೆ. ಅವನು ಬರೆದದ್ದು ಬೇರೆ ಕೋಣೆ. ಅದು ಕಣ್ಣಿಗೆ ಸಿಗಲಿಲ್ಲ, ಪರೀಕ್ಷೆಗೆ ಸಿಕ್ಕಿತು. ಹಾಗೇ ಬಿಟ್ಟರೆ ಆಗುವುದು ಇದು. ಚಿತ್ರ ಗೋಡೆ ಮೇಲೇ ಇರುತ್ತದೆ, ಬರೆದವನು ಹೇಳಿದ್ದು ಮಾತ್ರ ಬದಲಾಗುತ್ತದೆ.

ಚೂರು ಕೀಳುವ ವಿಷಯ: ಸಾಸಿವೆ ಕಾಳಿಗಿಂತ ಎಷ್ಟೋ ಸಣ್ಣದು, ಅದೂ ಮೊದಲೇ ಬಿರುಕು ಬಿಟ್ಟ ಅಂಚಿನಿಂದ, ಬೇರೆ ದಾರಿಯೇ ಇಲ್ಲದಾಗ. ಆ ಚೂರನ್ನು ಗೋಂದಿನಂಥ ರಾಳದಲ್ಲಿ ಕೂರಿಸಿ, ಅಡ್ಡ ಉಜ್ಜಿ, ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಪದರ ಪದರ ಕಾಣುತ್ತದೆ. ಯಾವ ಬಣ್ಣ ಮೊದಲು, ಯಾವುದು ಆಮೇಲೆ, ಅಡಿಯದು ಒಣಗಿದ ಮೇಲೆ ಬಳಿದರೋ ಹಸಿ ಇದ್ದಾಗಲೇ ಬಳಿದರೋ ಎಲ್ಲ ತಿಳಿಯುತ್ತದೆ. ಹಸಿ ಇದ್ದಾಗ ಬಳಿದರೆ ಎರಡೂ ಬಣ್ಣ ಅಂಚಿನಲ್ಲಿ ಕಲಸಿಕೊಂಡಿರುತ್ತದೆ. ಅವರಿಗೆ ಎಷ್ಟು ಅವಸರ ಇತ್ತು ಅಂತ ಕೂಡ ಗೊತ್ತಾಗುತ್ತದೆ. ನನಗೆ ಅದು ಅಜ್ಜನ ಸಂಜೆಯೇ.

—

ಹೊನ್ನಾವರದ ಹೊಳೆ

ಇಂಕಿನ ಮಾತು ಬಂತಲ್ಲ, ಕಾರವಾರದವರು ಟಾಗೋರರನ್ನು ಮರೆಯಬಾರದು. 22 ವರ್ಷದ ಹುಡುಗನಾಗಿ ರವೀಂದ್ರನಾಥರು ಕಾರವಾರಕ್ಕೆ ಬಂದಿದ್ದರು. ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಡ್ಜ್ ಆಗಿದ್ದರು. ಕಾಳಿ ನದಿಯಲ್ಲಿ ದೋಣಿ ವಿಹಾರ ಮಾಡಿದರು, ಒಂದು ನಾಟಕ ಬರೆದರು. ನಮ್ಮ ಕಡಲ ತೀರಕ್ಕೆ ಅವರ ಹೆಸರು ಇರುವುದು ಅದಕ್ಕೇ. ಅವರು ಇಲ್ಲಿ ಚಿತ್ರ ಕೂಡ ಬರೆದಿದ್ದರು ಅಂತ ಕೆಲವರು ಹೇಳುತ್ತಾರೆ. ನಿಜವಾ?

—

ಬಣ್ಣದ ಪೆಟ್ಟಿಗೆ

ಇಲ್ಲ, ಅವರು ಚಿತ್ರಕಾರರಾದದ್ದು ಅರವತ್ತು ದಾಟಿದ ಮೇಲೆ. 1920ರ ದಶಕದಲ್ಲಿ ಹಸ್ತಪ್ರತಿಯಲ್ಲಿ ಹೊಡೆದುಹಾಕಿದ ಸಾಲುಗಳನ್ನು ಒಂದಕ್ಕೊಂದು ಸೇರಿಸುತ್ತಾ ಹೋಗಿ ಹಕ್ಕಿ, ಮೃಗ, ಮುಖ ಮಾಡಿದರು. ಅಲ್ಲಿಂದ ಶುರು. 1930ರಲ್ಲಿ ಪ್ಯಾರಿಸ್ಸಿನಲ್ಲಿ ಮೊದಲ ಪ್ರದರ್ಶನ. ಒಟ್ಟು ಎರಡು ಸಾವಿರಕ್ಕೂ ಜಾಸ್ತಿ ಚಿತ್ರ, ದೊಡ್ಡ ಪಾಲು ಶಾಂತಿನಿಕೇತನದಲ್ಲಿದೆ.

ಆದರೆ ಈ ಚರ್ಚೆಗೆ ಅವರು ಸರಿಯಾಗಿ ಹೊಂದುತ್ತಾರೆ. ಅವರು ಆರ್ಟ್ ಸ್ಕೂಲಿನಲ್ಲಿ ಕಲಿತವರಲ್ಲ. ಕೈಗೆ ಸಿಕ್ಕಿದ್ದರಲ್ಲಿ ಬರೆದರು. ಬರೆಯುವ ಪೆನ್ನು, ಬಾಟಲಿಯ ಬಣ್ಣದ ಇಂಕು, ಕ್ರೇಯಾನ್, ಬಟ್ಟೆ ಚಿಂದಿ, ಬೆರಳು. ಚಿತ್ರದ ಮೇಲೆ ಹೆಸರು, ಇಸವಿ ಹಾಕಿದ್ದೂ ಕಡಿಮೆ. ಬಣ್ಣದ ಇಂಕು ಅಂದರೆ ಮೇಷ್ಟ್ರು ಹೇಳಿದ ಡೈ. ಹಾಗಾಗಿ ಅಂಥ ಚಿತ್ರ ಇಟ್ಟುಕೊಂಡವರಿಗೆ ದೊಡ್ಡ ಪ್ರಶ್ನೆ, ಇದನ್ನು ಎಷ್ಟು ಬೆಳಕಿನಲ್ಲಿ, ಎಷ್ಟು ದಿನ ತೋರಿಸಬಹುದು ಅಂತ. ಕಾಗದದ ಚಿತ್ರಗಳಿಗೆ ಮ್ಯೂಸಿಯಮ್ಮುಗಳು ಸಾಮಾನ್ಯವಾಗಿ 50 ಲಕ್ಸ್ ಬೆಳಕು ಇಡುತ್ತವೆ. ಮಬ್ಬು ಬೆಳಕು ಅದು. ಯಾವ ಬಣ್ಣ ಎಷ್ಟು ಬೇಗ ಮಾಸುತ್ತದೆ ಅಂತ ನೋಡಲು ಮೈಕ್ರೋಫೇಡಿಂಗ್ ಅನ್ನುವ ಪರೀಕ್ಷೆ ಇದೆ. ಅರ್ಧ ಮಿಲಿಮೀಟರಿಗಿಂತ ಸಣ್ಣ ಚುಕ್ಕೆಗೆ ಜೋರು ಬೆಳಕು ಬಿಟ್ಟು, ಬಣ್ಣ ಸ್ವಲ್ಪ ಬದಲಾಗಲು ಶುರುವಾದ ಕೂಡಲೇ ನಿಲ್ಲಿಸುತ್ತಾರೆ. ಬರಿಗಣ್ಣಿಗೆ ಆ ಚುಕ್ಕೆ ಕಾಣುವುದೇ ಇಲ್ಲ.

—

ಅಂಕೋಲೆ ಕಾವಿ

ನಾನು ಕಾವಿ ಚಿತ್ರಗಳ ಹುಚ್ಚು ಹಿಡಿದವನು. ನಮ್ಮ ಕಡೆ ದೇವಸ್ಥಾನಗಳ ಗೋಡೆಯಲ್ಲಿ ಇರುತ್ತಲ್ಲ, ಕೆಂಪು ಬಿಳುಪು. ಚಿಪ್ಪು ಸುಟ್ಟ ಸುಣ್ಣ, ತೊಳೆದ ಮರಳು, ಬೆಲ್ಲ ಸೇರಿಸಿ ಕೊಳೆಸಿ ಕುಟ್ಟಿದ ಗಾರೆ. ಅದರ ಮೇಲೆ ಕೆಮ್ಮಣ್ಣಿನ ಪದರ. ಹಸಿ ಇರುವಾಗಲೇ ಮೊನೆಯಿಂದ ಕೆರೆದರೆ ಅಡಿಯ ಬಿಳಿ ಕಾಣುತ್ತದೆ. ಬಳಿದ ಚಿತ್ರ ಅಲ್ಲ ಅದು, ಕೆರೆದ ಚಿತ್ರ.

ನಮ್ಮ ಹತ್ತಿರದ ಒಂದು ಊರಿನಲ್ಲಿ ಹಳೇ ಕಾವಿ ಗೋಡೆಗೆ ಭಕ್ತಿಯಿಂದಲೇ ಕೆಂಪು ಪ್ಲಾಸ್ಟಿಕ್ ಎಮಲ್ಷನ್ ಹೊಡೆಸಿದರು. ಮೊದಲ ವರ್ಷ ಹೊಸದರ ಹಾಗೆ ಕಂಡಿತು. ಎರಡನೇ ಮಳೆಗಾಲಕ್ಕೆ ಹಪ್ಪಳದ ಹಾಗೆ ಎದ್ದು ಬಂತು, ಬರುವಾಗ ಅಡಿಯ ಹಳೇ ಕೆಂಪನ್ನೂ ಕಿತ್ತುಕೊಂಡು ಬಂತು. ಸುಣ್ಣದ ಗೋಡೆ ಉಸಿರಾಡುತ್ತದೆ. ಒಳಗಿನ ತೇವ ಹೊರಗೆ ಹೋಗಬೇಕು. ಪ್ಲಾಸ್ಟಿಕ್ ಬಣ್ಣ ಅದನ್ನು ತಡೆಯಿತು. ನಾನು ನಿಂತು ನೋಡಿದೆ. ಈಗಲೂ ಹೊಟ್ಟೆ ಉರಿಯುತ್ತದೆ.

ತಂಗಿ, ವಾರ್ನಿಶ್ ಹೊಡೆಸಬೇಡಿ.

—

ಕಾಳಿ ದಂಡೆ

ಎಲ್ಲರಿಗೂ ಕೈ ಮುಗಿದೆ. ನಿನ್ನೆ ರಾತ್ರಿ ಅಕ್ಕ ಮೆಸೇಜಿನಲ್ಲಿ ಹೇಳಿಕೊಟ್ಟ ಹಾಗೆ ನೋಡಿದೆ. ಕಳ್ಳನೋಟು ನೋಡುವ ಯುವಿ ಟಾರ್ಚ್ ತಂದಿದ್ದೆ. ಎಲ್ಲ ದೀಪ ಆರಿಸಿ, ಕಿಟಕಿಗೆ ಕಂಬಳಿ ಕಟ್ಟಿ, ಅಮ್ಮ ಚಿತ್ರ ಹಿಡಿದುಕೊಂಡರು.

ಮೋಡ ಎರಡು ಬಣ್ಣದಲ್ಲಿ ಕಂಡಿತು! ಹಗಲಲ್ಲಿ ಒಂದೇ ಬಿಳಿ. ಟಾರ್ಚಿನಲ್ಲಿ ಮೋಡದ ದೊಡ್ಡ ಭಾಗ ಹಳದಿ ಹಸಿರಾಗಿ ಹೊಳೆಯಿತು, ಎಳೆ ನಿಂಬೆ ಸಿಪ್ಪೆಯ ಹಾಗೆ. ಅಂಚಿನಲ್ಲಿ ನಾಲ್ಕೈದು ಗೀಟು ಮಾತ್ರ ಕಪ್ಪಗೆ, ನೇರಳೆ ಮಿಶ್ರ. ಗುಳ್ಳೆಗಳು ಇರುವುದು ಹೊಳೆಯುವ ಭಾಗದಲ್ಲಿ ಮಾತ್ರ. ಕಪ್ಪು ಕಂಡ ಗೀಟುಗಳಲ್ಲಿ ಒಂದೂ ಇಲ್ಲ. ಇಡೀ ಚಿತ್ರದ ಮೇಲೆ ವಾರ್ನಿಶ್ಶಿನ ಮಂಜು ಮಂಜು ಹೊಳಪು ಎಲ್ಲೂ ಕಾಣಲಿಲ್ಲ.

ಆಮೇಲೆ ಮಾಮೂಲಿ ಟಾರ್ಚನ್ನು ಪಕ್ಕದಿಂದ, ಗೋಡೆಗೆ ಒರಗಿಸಿದ ಹಾಗೆ ಹಿಡಿದು ನೋಡಿದೆ. ಗುಡ್ಡದ ಹಸಿರಿನಲ್ಲಿ ಬ್ರಶ್ಶಿನ ಕೂದಲಿನ ಗೆರೆ ಒಂದೊಂದೂ ಎದ್ದು ಕಾಣುತ್ತದೆ. ಎಡದಿಂದ ಬಲಕ್ಕೆ ಮೇಲೆ ಹೋಗಿ, ತುದಿಯಲ್ಲಿ ಸ್ವಲ್ಪ ತಿರುಗಿದೆ. ಅಮ್ಮ ನೋಡಿ, "ಅಪ್ಪ ಶಾಲೆಯ ಬೋರ್ಡ್ ಮೇಲೆ ಬರೆಯುವಾಗಲೂ ಕೈ ಹೀಗೇ ತಿರುಗಿಸುತ್ತಿದ್ದರು" ಅಂದರು. ನೀರಿನ ನೀಲಿಯಲ್ಲಿ ಮಾತ್ರ ಬ್ರಶ್ ಗೆರೆಯೇ ಇಲ್ಲ. ಕನ್ನಡಿಯ ಹಾಗೆ ನುಣುಪು, ದಪ್ಪ ಇರುವಲ್ಲಿ ಕೆನೆ ಕಟ್ಟಿದ ಹಾಲಿನ ಹಾಗೆ ಸುಕ್ಕು. ಒಂದು ಕಡೆ ಕೆಳಗೆ ಇಳಿದ ಹನಿಯೂ ಇದೆ. ಫೋಟೊ ಹಾಕಿದ್ದೇನೆ.

—

ಶಿರಸಿ ಮೇಷ್ಟ್ರು

ಹಳದಿ ಹಸಿರಾಗಿ ಹೊಳೆಯುವುದು ಸತುವಿನ ಬಿಳಿ, ಅಂದರೆ ಝಿಂಕ್ ವೈಟ್ ಇರಬಹುದು. ಕಪ್ಪಗೆ ಕಾಣುವುದು ಟೈಟೇನಿಯಮ್ ಬಿಳಿ ಇರಬಹುದು. ಒಂದೇ ಮೋಡಕ್ಕೆ ಎರಡು ಟ್ಯೂಬು! ಒಂದು ಮುಗಿದಿತ್ತೋ, ಅಂಚಿಗೆ ಜಾಸ್ತಿ ಬೆಳ್ಳಗೆ ಬೇಕು ಅಂತ ಬೇಕೆಂದೇ ಹಾಕಿದರೋ. ಟೈಟೇನಿಯಮ್ ಬಿಳಿ ಅಡಿಯದನ್ನು ಚೆನ್ನಾಗಿ ಮುಚ್ಚುತ್ತದೆ, ಸತುವಿನದು ಸ್ವಲ್ಪ ಪಾರದರ್ಶಕ.

ಟೈಟೇನಿಯಮ್ ಬಿಳಿಯ ಇನ್ನೊಂದು ಉಪಯೋಗ ಹೇಳಿಬಿಡುತ್ತೇನೆ. ಚಿತ್ರಕಾರರ ಕೈಗೆ ಅದು ಬಂದದ್ದು 1920ರ ಸುಮಾರಿಗೆ. ಜರ್ಮನಿಯಲ್ಲಿ ಬೆಲ್ಟ್ರಾಕಿ ಅನ್ನುವವನು ಹಳೇ ಚಿತ್ರಕಾರರ ಹೆಸರಿನಲ್ಲಿ ನಕಲಿ ಚಿತ್ರ ಬರೆದು ಮಾರುತ್ತಿದ್ದ. 1914ರದ್ದು ಅಂತ ಮಾರಿದ ಒಂದು ಚಿತ್ರದಲ್ಲಿ ಟೈಟೇನಿಯಮ್ ಬಿಳಿ ಸಿಕ್ಕಿತು. 2011ರಲ್ಲಿ ಅವನಿಗೆ ಶಿಕ್ಷೆಯಾಯಿತು.

ಗುಳ್ಳೆಗಳ ಬಗ್ಗೆ: ಸತುವಿನ ಕಣಗಳು ಎಣ್ಣೆಯಲ್ಲಿರುವ ಕೊಬ್ಬಿನಾಮ್ಲದ ಜೊತೆ ಸೇರಿ ಸಾಬೂನಿನಂಥ ವಸ್ತು ಆಗುತ್ತದೆ. ನಾವು ಬಟ್ಟೆ ಒಗೆಯುವ ಸಾಬೂನು ಕೂಡ ಕೊಬ್ಬಿನಾಮ್ಲದ್ದೇ, ಅಲ್ಲಿ ಸೋಡಿಯಮ್, ಇಲ್ಲಿ ಸತು. ಈ ಸಾಬೂನು ಒಂದೆಡೆ ಗಡ್ಡೆಕಟ್ಟಿ ಬಣ್ಣವನ್ನು ಒಳಗಿನಿಂದ ಮೇಲಕ್ಕೆ ತಳ್ಳುತ್ತದೆ. ತೇವ ಇದ್ದರೆ ಇದು ಬೇಗ ನಡೆಯುತ್ತದೆ. ಹೊರಗಿನಿಂದ ಒರೆಸಿದರೆ ಗುಳ್ಳೆ ಹೋಗುವುದಿಲ್ಲ, ತಲೆ ಒಡೆದು ಕುಳಿ ಬೀಳುತ್ತದೆ.

—

ಬಣ್ಣದ ಪೆಟ್ಟಿಗೆ

ಮೇಷ್ಟ್ರು ಹೇಳಿದ್ದು ಸರಿ, ಆದರೆ ಟಾರ್ಚಿನ ಹೊಳಪೊಂದೇ ಸಾಕ್ಷಿ ಅಲ್ಲ. ಬಣ್ಣಕ್ಕೆ ಬೇರೆ ಏನಾದರೂ ಬೆರೆಸಿದ್ದರೂ ಹೊಳಪು ಬದಲಾಗುತ್ತದೆ. ಎಕ್ಸ್‌ಆರ್‌ಎಫ್‌ನಲ್ಲಿ ಸತು ಸಿಕ್ಕರೆ ಆಗ ಹೌದು ಅನ್ನೋಣ. ಹಾಗಿದ್ದರೂ ನೀವು ನೋಡಿದ ರೀತಿ ತುಂಬಾ ಚೆನ್ನಾಗಿದೆ. ಗುಳ್ಳೆ ಯಾವ ಬಿಳಿಯಲ್ಲಿದೆ ಅಂತ ನೋಡಿಕೊಂಡಿರಲ್ಲ, ಅದೇ ಮುಖ್ಯ. ಟಾರ್ಚನ್ನು ಕಣ್ಣಿಗೆ ಬಿಟ್ಟುಕೊಳ್ಳಬೇಡಿ. ಚಿತ್ರದ ಮೇಲೂ ನಿಮಿಷಗಟ್ಟಲೆ ಹಿಡಿಯಬೇಡಿ.

—

ಬೈತಖೋಲ ಬೋಟು

ಫೋಟೊ ನೋಡಿದೆ. ಅಕ್ಕಾ, ಇದು ಟ್ಯೂಬಿನ ಬಣ್ಣ ಅಲ್ಲ. ಇದು ಬೋಟಿಗೆ ಬಳಿಯುವ ಎನಾಮೆಲ್.

ನಮ್ಮ ಮನೆಯಲ್ಲಿ ಮೂರು ತಲೆಮಾರಿನಿಂದ ಬೋಟು ರಿಪೇರಿ, ಬಣ್ಣದ ಕೆಲಸ. ಮರ ಕೆರೆದು, ರೆಡಾಕ್ಸೈಡ್ ಹೊಡೆದು, ಅದರ ಮೇಲೆ ಎನಾಮೆಲ್. ಎನಾಮೆಲ್ಲಿಗೆ ಬ್ರಶ್ ಗೆರೆ ನಿಲ್ಲುವುದಿಲ್ಲ, ತಾನೇ ಹರಡಿ ಸಮ ಆಗುತ್ತದೆ. ದಪ್ಪ ಬಿದ್ದರೆ ಮೇಲೆ ಬೇಗ ಒಣಗುತ್ತದೆ, ಒಳಗೆ ಹಸಿ ಇರುತ್ತದೆ. ಆಮೇಲೆ ಒಳಗಿನದು ಒಣಗುವಾಗ ಮೇಲಿನ ಚರ್ಮ ಹೀಗೆ ಸುಕ್ಕು ಹಿಡಿಯುತ್ತದೆ. ಹೊಸ ಹುಡುಗರು ಕೆಲಸಕ್ಕೆ ಬಂದಾಗ ಮೊದಲ ವಾರ ಮಾಡುವ ತಪ್ಪೇ ಇದು, ಜಾಸ್ತಿ ಬಣ್ಣ ಅದ್ದುವುದು. ಆ ಹನಿ ಇಳಿದಿರುವುದು ನೋಡಿ. ಚಿತ್ರ ನಿಲ್ಲಿಸಿಟ್ಟು ಬಳಿದಿದ್ದಾರೆ.

ನೀಲಿ ಮಾತ್ರ ಯಾಕೆ ಗಟ್ಟಿ ಉಳಿಯಿತು ಅಂದರೆ, ಉಪ್ಪು ನೀರಿಗೂ ಬಿಸಿಲಿಗೂ ತಡೆಯಲಿ ಅಂತಲೇ ಮಾಡಿದ ಬಣ್ಣ ಅದು.

—

ಬಣ್ಣದ ಪೆಟ್ಟಿಗೆ

ತಮ್ಮಾ, ನೀವು ಬರೆದದ್ದನ್ನು ಎರಡು ಸಲ ಓದಿದೆ. ಪಿಕಾಸೊ ಚಿತ್ರಗಳ ಮೇಲೆ ನಡೆದ ಕೆಲಸ ಇದೇ ಜಾಡಿನದು. ಪಿಕಾಸೊ ರಿಪೋಲಿನ್ ಅನ್ನುವ ಫ್ರಾನ್ಸಿನ ಮನೆ ಬಣ್ಣ ಬಳಸಿದ ಅಂತ ಬಹಳ ಕಾಲದಿಂದ ಮಾತಿತ್ತು. ಶಿಕಾಗೊದ ಆರ್ಟ್ ಇನ್‌ಸ್ಟಿಟ್ಯೂಟ್‌ನವರು ಅದನ್ನು ನಿಜವಾಗಿ ಪರೀಕ್ಷೆ ಮಾಡಿದರು. ಅವರ ಹತ್ತಿರ ಪಿಕಾಸೊ 1931ರಲ್ಲಿ ಬರೆದ ಕೆಂಪು ಕುರ್ಚಿಯ ಚಿತ್ರ ಇದೆ. ಹಳೇ ರಿಪೋಲಿನ್ ಡಬ್ಬಿಗಳನ್ನು ಹುಡುಕಿ ತಂದು, ಚಿತ್ರದ ಬಣ್ಣದ ಜೊತೆ ಇಟ್ಟು ಹೋಲಿಸಿದರು. ಅಮೆರಿಕದ ಆರ್ಗಾನ್ ರಾಷ್ಟ್ರೀಯ ಪ್ರಯೋಗಾಲಯದ ಎಕ್ಸ್ ಕಿರಣದಲ್ಲಿ ಸತುವಿನ ಬಿಳಿಯ ಒಂದೊಂದು ಕಣದಲ್ಲಿರುವ ಕಶ್ಮಲವನ್ನೂ ನೋಡಿದರು. ಎರಡೂ ಹೊಂದಿತು. ಬಣ್ಣ ತಾನೇ ಹರಿದು ನುಣುಪಾಗುವುದು, ಸುಕ್ಕಾಗುವುದು, ಹನಿ ಇಳಿಯುವುದು, ಎಲ್ಲವನ್ನೂ ಅವನು ಬೇಕೆಂದೇ ಬಳಸಿಕೊಂಡ.

ನಿಮ್ಮ ಅಜ್ಜನದು ಎನಾಮೆಲ್ಲೇ ಹೌದಾ ಅಂತ ನೋಡಲು ಇನ್‌ಫ್ರಾರೆಡ್ ಪರೀಕ್ಷೆ, ಎಫ್‌ಟಿಐಆರ್ ಅಂತಾರೆ, ಅದು ಬೇಕು. 1960ರ ದಶಕದ ಎನಾಮೆಲ್ ಆದರೆ ಆಲ್ಕಿಡ್ ಅನ್ನುವ ಕೃತಕ ರಾಳ ಇರುವ ಸಾಧ್ಯತೆ ಜಾಸ್ತಿ. ಬರೀ ಅಗಸೆ ಎಣ್ಣೆಗೂ ಅದಕ್ಕೂ ಗುರುತು ಬೇರೆ ಬೇರೆ. ಬೆಂಗಳೂರಿನ ಚಿತ್ರಕಲಾ ಪರಿಷತ್ತಿನ ಆವರಣದಲ್ಲಿ ಇಂಟ್ಯಾಕ್ ಅನ್ನುವ ಪರಂಪರೆ ಉಳಿಸುವ ಸಂಸ್ಥೆಯ ಸಂರಕ್ಷಣಾ ಕೇಂದ್ರ ಇದೆ. ಲಕ್ನೋದ ರಾಷ್ಟ್ರೀಯ ಸಂರಕ್ಷಣಾ ಪ್ರಯೋಗಾಲಯದ ಪ್ರಾದೇಶಿಕ ಕೇಂದ್ರ ಮೈಸೂರಿನಲ್ಲಿದೆ. ಮೊದಲು ಫೋಟೊ ಕಳಿಸಿ ಕೇಳಿ. ಮಳೆ ನಿಲ್ಲುವವರೆಗೆ ಚಿತ್ರವನ್ನು ಪ್ರಯಾಣ ಮಾಡಿಸಬೇಡಿ.

ಅಲ್ಲಿಯವರೆಗೆ ಒಂದು ಕೆಲಸ. ಚಿತ್ರ ಯಾವ ಗೋಡೆಯಲ್ಲಿದೆ?

—

ಕಾಳಿ ದಂಡೆ

ಪಡುವಣ ಗೋಡೆ. ಚಿರೆಕಲ್ಲಿನದು. ಮಳೆ ನೇರ ಹೊಡೆಯು‌ತ್ತದೆ.

—

ಬಣ್ಣದ ಪೆಟ್ಟಿಗೆ

ಇವತ್ತೇ ತೆಗೆಯಿರಿ. ನಡುಮನೆಯ ಒಳಗೋಡೆಗೆ ಹಾಕಿ, ಬಚ್ಚಲ ಒಲೆಯ ಹೊಗೆ ಬರದ ಕಡೆ. ಚೌಕಟ್ಟಿನ ಹಿಂದೆ ನಾಲ್ಕು ಮೂಲೆಗೂ ಬಾಟಲಿ ಬಿರಡೆಯ ತುಂಡು ಅಂಟಿಸಿ, ಗೋಡೆಗೂ ಚಿತ್ರಕ್ಕೂ ನಡುವೆ ಗಾಳಿ ಆಡಲಿ. ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಬೇಡಿ, ಒಳಗೇ ಬೆವರುತ್ತದೆ. ಶೇ 45 ನಮ್ಮ ಊರಿನಲ್ಲಿ ಆಗುವ ಮಾತಲ್ಲ. ಅದಕ್ಕೆ ಏಸಿ ಹಾಕಿ, ರಾತ್ರಿ ಆರಿಸಿ ಮಾಡಿದರೆ ಇನ್ನೂ ಕೆಟ್ಟದು. ದಿನಕ್ಕೆ ಎರಡು ಸಲ ಹಿಗ್ಗಿ ಕುಗ್ಗುವುದಕ್ಕಿಂತ ಒಂದೇ ಮಟ್ಟದಲ್ಲಿ ಇರುವುದು ವಾಸಿ.

—

ಸಿದ್ದಾಪುರದ ಭಾವ

ಬೋಟಿನ ಬಣ್ಣದ ಮಾತು ಓದಿ ಸುಮ್ನೆ ಕೂತುಬಿಟ್ಟೆ. ಡ್ರಾಯಿಂಗ್ ಮಾಸ್ತರರಿಗೆ ಟ್ಯೂಬು ಬೇಕೆಂದರೆ ಆಗ ಹುಬ್ಬಳ್ಳಿಗೋ ಬೆಳಗಾವಿಗೋ ಹೋಗಬೇಕಿತ್ತೇನೋ. ಎದುರಿಗೇ ದೋಣಿ ಇತ್ತು, ದೋಣಿಯ ಬಣ್ಣ ಇತ್ತು. ನಮ್ಮ ಕಡೆ ಹಸೆ ಚಿತ್ತಾರ ಬರೆಯುವ ಹೆಂಗಸರೂ ಹೀಗೇ ಅಲ್ವಾ. ಕೆಮ್ಮಣ್ಣು, ಅಕ್ಕಿ ಹಿಟ್ಟು, ಹುರಿದು ಕರಿ ಮಾಡಿದ ಅಕ್ಕಿ, ಪುಂಡಿ ನಾರಿನ ಬ್ರಶ್ಶು. ಪರೀಕ್ಷೆ ಬೇಡ ಅಂದಿದ್ದೆ. ಆ ಮಾತು ವಾಪಸ್ ತೆಗೆದುಕೊಳ್ಳುತ್ತೇನೆ. ಫಲಿತಾಂಶ ಬಂದಾಗ ಇಲ್ಲಿ ಹಾಕಿ.

—

ಕಾಳಿ ದಂಡೆ

ಎರಡು ದಿನ ಬರೆಯಲು ಆಗಲಿಲ್ಲ. ಅಮ್ಮ ಅಟ್ಟದ ಟ್ರಂಕಿನಿಂದ ಅಜ್ಜನ ಖರ್ಚಿನ ಪುಸ್ತಕಗಳನ್ನು ಇಳಿಸಿದರು. ಹಾಲು, ಸೀಮೆಎಣ್ಣೆ, ಶಾಲೆಯ ಸೀಮೆಸುಣ್ಣ ಎಲ್ಲ ಬರೆದಿಟ್ಟಿದ್ದಾರೆ. 1964ರ ಪುಸ್ತಕದಲ್ಲಿ ಅರ್ಧದಷ್ಟು ಹಾಳೆ ಹುಳ ತಿಂದಿದೆ. ಉಳಿದದ್ದರಲ್ಲಿ ಹುಡುಕಿದೆವು. ನವೆಂಬರಿನ ಒಂದು ಪುಟದಲ್ಲಿ, ಅಕ್ಕಿಯ ಲೆಕ್ಕದ ಕೆಳಗೆ, ಒಂದು ಸಾಲು ಇದೆ: "ದೋಣಿ ಬಣ್ಣ, ನೀಲಿ, ಅರ್ಧ ಡಬ್ಬಿ. ಉಳಿದರ್ಧ ವಾಪಸ್ ಕೊಡುವುದು."

ಯಾರಿಗೆ ವಾಪಸ್ ಅಂತ ಬರೆದಿಲ್ಲ.

ಆ ಪುಟದ ಫೋಟೊ, ಟಾರ್ಚಿನ ಫೋಟೊ ಎಲ್ಲ ಸೇರಿಸಿ ಬೆಂಗಳೂರಿಗೆ ಕಳಿಸಿದ್ದೇನೆ. ಮಳೆ ಮುಗಿದ ಮೇಲೆ ತನ್ನಿ ಅಂದಿದ್ದಾರೆ. ಇಂಕ್ ಚಿತ್ರ ಐದನ್ನೂ ಗೋಡೆಯಿಂದ ಇಳಿಸಿ ಬಿಳಿ ಕಾಗದದ ನಡುವೆ ಕಪಾಟಿನಲ್ಲಿ ಇಟ್ಟಿದ್ದೇನೆ. ದೊಡ್ಡ ಚಿತ್ರ ನಡುಮನೆಗೆ ಬಂದಿದೆ, ಹಿಂದೆ ಬಿರಡೆ ಅಂಟಿಸಿದ್ದೇನೆ. ತೇವ ಅಳೆಯುವ ಸಣ್ಣ ಯಂತ್ರ ಒಂದು ತಂದೆ. ಇವತ್ತು ಬೆಳಿಗ್ಗೆ ಪಡುವಣ ಗೋಡೆಯ ಹತ್ತಿರ 88, ನಡುಮನೆಯಲ್ಲಿ 76.

—

ಬೈತಖೋಲ ಬೋಟು

ಆ ಪುಟದ ಫೋಟೊ ಇಲ್ಲೂ ಹಾಕಿ ಅಕ್ಕಾ. ನಮ್ಮ ಅಜ್ಜಿಗೆ ತೋರಿಸಬೇಕು. ಅವರಿಗೆ ಈಗ 91, ಆದರೆ ಆಗ ಯಾರ ಯಾರ ದೋಣಿ ನೀಲಿ ಇತ್ತು ಅಂತ ಇನ್ನೂ ಹೇಳುತ್ತಾರೆ.